ಎಲೆಯುದುರಿದ ದಾಳಿಂಬೆಯನ್ನು ಎಸೆಯದಿರಿ

ದಿಲ್ಲಿಯಲ್ಲಿ ನೆಲಸಿ, ಮಾಳಿಗೆಯ ಮೇಲೆ ದಾಳಿಂಬೆಯ ಗಿಡವೊಂದನ್ನು ಸಾಕಿಕೊಂಡ ನಮ್ಮ ಬಾಂಧವರು ಮೊದಲ ಚಳಿಗಾಲದಲ್ಲಿಯೇ ಒಂದು ತಪ್ಪು ಮಾಡುವುದುಂಟು. ಪುಷ್ಯಮಾಸದ ಶೀತಕ್ಕೆ ಎಲೆಗಳು ಹಳದಿಯಾಗಿ ಉದುರಿ, ಗಿಡವು ಬರಿಯ ಕಡ್ಡಿಗಳ ಕಟ್ಟಿನಂತೆ ನಿಲ್ಲುತ್ತದೆ. ಸತ್ತಿತೆಂದು ಬಗೆದು ಕಿತ್ತೆಸೆಯುತ್ತಾರೆ. ಈ ಲೇಖಕನೂ ಹಾಗೆ ಮಾಡಿದವನೇ. ನೆರೆಯ ಮಾಲಿಯೊಬ್ಬನು ಎರಡು ದಿನಗಳ ತರುವಾಯ ಆ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದಾಗ ಒಳಗೆ ಹಸಿರು ಇನ್ನೂ ಇತ್ತು. ಬೇರು ಮಾತ್ರ ಬಿಸಿಲಿಗೆ ಒಣಗಿಹೋಗಿತ್ತು.

ದಾಳಿಂಬೆಗೆ ಎಲೆಯುದುರುವುದು ಮರಣವಲ್ಲ, ವಿಶ್ರಾಂತಿ. ಮಾಘ ಕಳೆದೊಡನೆ ಕೆಂದಳಿರು ಚಿಗುರುತ್ತದೆ. ಬೇಸಗೆಯಲ್ಲಿ ಕೆಂಡದಂಥ ಹೂಗಳು ಅರಳುತ್ತವೆ. ಶರದೃತು ಕಾಲಿಡುವ ವೇಳೆಗೆ ಹಣ್ಣು ಕೆಂಪೇರುತ್ತದೆ. ಚಳಿ ಕಡಮೆಯಿರುವ ಮಹಾರಾಷ್ಟ್ರದಲ್ಲಿ ಬೆಳೆಗಾರರು ತಿಂಗಳಿಗೂ ಮಿಕ್ಕಿ ನೀರು ನಿಲ್ಲಿಸಿ, ತಾವೇ ಎಲೆಯುದುರಿಸಿ, ಬಳಿಕ ಗೊಬ್ಬರ ನೀರುಗಳನ್ನಿತ್ತು ಹೂ ತರಿಸುತ್ತಾರೆ. ಇದಕ್ಕೆ 'ಬಹಾರ್' ಎಂದು ಹೆಸರು.

ಬೆಳೆಸುವ ಕ್ರಮ ಕಠಿನವಲ್ಲ. ಬೀಜದಿಂದ ಹುಟ್ಟಿದ ಸಸಿಗೆ ತಾಯಿಗಿಡದ ಗುಣ ಬರುವ ಭರವಸೆಯಿಲ್ಲ. ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ ನೆಡಬೇಕು, ಇಲ್ಲವೆ ಕಸಿಗಿಡ ಕೊಳ್ಳಬೇಕು. ಪುಣೆಯ ಗಣೇಶಖಿಂಡದಲ್ಲಿ 1936ರಲ್ಲಿ ಆರಿಸಿದ 'ಗಣೇಶ' ತಳಿಯೂ ಕೆಂಪುಕಾಳಿನ 'ಭಗವಾ'ವೂ ಪ್ರಸಿದ್ಧವಾದವು. ಹೋಟೆಲಿನಲ್ಲಿ ಬರಿದಾದ 15 ಕಿಲೋ ಎಣ್ಣೆಯ ಡಬ್ಬವನ್ನು ಚೆನ್ನಾಗಿ ತೊಳೆದು, ತಳದಲ್ಲಿ ತೂತು ಕೊರೆದು, ಮಣ್ಣು, ಮರಳು, ಹಳೆಯ ಗೊಬ್ಬರಗಳನ್ನು ತುಂಬಿದರೆ ಆರಂಭಕ್ಕೆ ಸಾಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ಹೂವು ಉದುರಿದರೆ ಗಾಬರಿಯಾಗಬೇಡಿ. ಗಂಟೆಯ ಆಕಾರದ ಹೂಗಳು ಗಂಡು, ಅವು ಉದುರತಕ್ಕವೇ. ಬುಡ ದಪ್ಪಗಿರುವ ಹೂಜಿಯಾಕಾರದವು ಮಾತ್ರ ಕಾಯಿ ಕಟ್ಟುತ್ತವೆ. ಎಳೆಗಾಯಿಗೆ ಬಟ್ಟೆಯ ಚೀಲ ಕಟ್ಟಿದರೆ ಚಿಟ್ಟೆ ಮೊಟ್ಟೆಯಿಟ್ಟು ಹುಳು ಕೊರೆಯುವುದು ತಪ್ಪುತ್ತದೆ. ಕಾಯಿ ಬಲಿಯುವಾಗ ಒಂದು ವಾರ ಮರೆತು, ಮರುವಾರ ಸುರಿದರೆ ಸಿಪ್ಪೆ ಬಿರಿಯುತ್ತದೆ. ನೀರು ಹಿತಮಿತವಾಗಿ, ತಪ್ಪದೆ ಸಲ್ಲಬೇಕು.

ಚಳಿಗಾಲದಲ್ಲಿ ರಜೆ ಪಡೆದು ಊರಿಗೆ ಹೋಗುವವರಿಗೆ ಒಂದು ಅನುಕೂಲವೂ ಇದೆ. ಎಲೆಯಿಲ್ಲದ ಗಿಡಕ್ಕೆ ನೀರಿನ ಅಗತ್ಯ ಅತ್ಯಲ್ಪ. ವಾರಕ್ಕೊಮ್ಮೆ ಒಂದು ಚೊಂಬು ಹೊಯ್ಯುವಂತೆ ನೆರೆಯವರಿಗೆ ಹೇಳಿ ಹೋದರಾಯಿತು. ಮರಳಿ ಬಂದಾಗಲೂ ಗಿಡ ಬೋಳಾಗಿಯೇ ಇದ್ದರೆ, ಕಿತ್ತೆಸೆಯುವ ಮೊದಲು ತೊಗಟೆಯನ್ನೊಮ್ಮೆ ಕೆರೆದು ನೋಡಿರಿ.