ಅರವತ್ತು ದಾಟಿದವರ ಓಟ: ಊರ ಮಾತು ಮತ್ತು ನಿಜ

ಹಾವೇರಿ ಜಿಲ್ಲೆಯ ಮಾಸೂರಿನ ಹಿರಿಯರು ನಸುಕಿನಲ್ಲಿ ಮದಗದ ಕೆರೆಯ ದಾರಿ ಹಿಡಿದು ವಾಕಿಂಗ್ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಹಿರಿಯರು ಬೂಟು ಬಿಗಿದು ಒಂದು ಫರ್ಲಾಂಗು ಓಡಿದರೆ ಸಾಕು, ಹಾಲಿನ ಕ್ಯಾನು ಹೊತ್ತು ಬರುವ ಬೈಕು ನಿಧಾನವಾಗುತ್ತದೆ. "ಅಜ್ಜಾರ, ಈ ವಯಸ್ಸಿನ್ಯಾಗ ಓಡೂದು ಯಾಕ್ ಬೇಕ್ರೀ? ಮಣಕಾಲು ಸವದು ಹೋದಾವು!" ಹೇಳುವವರಿಗೆ ನಿಜವಾದ ಕಾಳಜಿಯೇ ಇರುತ್ತದೆ. ಆದರೆ ಈ ಒಂದು ಮಾತಿಗೆ ಹೆದರಿ ಓಟ ಬಿಟ್ಟವರು, ಶುರುವನ್ನೇ ಮಾಡದವರು ಊರೂರಲ್ಲೂ ಇದ್ದಾರೆ. ಅದಕ್ಕೇ ಈ ಮಾತನ್ನು ಕೂಲಂಕಷವಾಗಿ ನೋಡಬೇಕು.

ಬಂಡಿಯ ಅಚ್ಚು ಉರುಳಿದಷ್ಟೂ ಸವೆಯುತ್ತದೆ, ಮಣಕಾಲೂ ಹಾಗೆಯೇ ಎಂಬುದು ಜನರ ಲೆಕ್ಕ. ಅಚ್ಚಿಗೆ ಜೀವವಿಲ್ಲ, ಮಣಕಾಲಿಗೆ ಇದೆ. ಮೂಳೆಗಳ ತುದಿಗೆ ಹೊದಿಕೆಯಂತೆ ಇರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಮುಖ್ಯ ಆಹಾರ. ಭಾರ ಬಿದ್ದಾಗ ಅದು ಒತ್ತಿಕೊಳ್ಳುತ್ತದೆ, ಭಾರ ಇಳಿದಾಗ ದ್ರವವನ್ನು ಹೀರಿಕೊಳ್ಳುತ್ತದೆ. ಓಟ ಮುಗಿದ ಕೂಡಲೇ ಎಂಆರ್‌ಐ ತೆಗೆದರೆ ಮೃದ್ವಸ್ಥಿ ಸ್ವಲ್ಪ ತೆಳುವಾದದ್ದು ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಅದು ಮೊದಲಿನಂತಾಗುತ್ತದೆ. ಭಾರವೇ ಬೀಳದ ಕೀಲಿಗೆ ಈ ಪೋಷಣೆ ಸಿಗುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1984ರಲ್ಲಿ ಐವತ್ತು ದಾಟಿದ 538 ಓಟಗಾರರನ್ನೂ ಓಟದ ಹವ್ಯಾಸವಿಲ್ಲದ 423 ಆರೋಗ್ಯವಂತರನ್ನೂ ಆರಿಸಿಕೊಂಡು ಸುಮಾರು ಇಪ್ಪತ್ತು ವರ್ಷ ಬೆನ್ನುಹತ್ತಿದರು. ಇವರಲ್ಲಿ ಕೆಲವರ ಮಣಕಾಲಿನ ಎಕ್ಸ್-ರೇಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿದರು. ಓಡುವವರ ಮಣಕಾಲು ಓಡದವರಿಗಿಂತ ಹೆಚ್ಚು ಹಾಳಾಗಿರಲಿಲ್ಲ. 19 ವರ್ಷಗಳ ಹೊತ್ತಿಗೆ ಓಡದ ಗುಂಪಿನಲ್ಲಿ ಶೇ 34ರಷ್ಟು ಜನ ತೀರಿಕೊಂಡಿದ್ದರು, ಓಡುವ ಗುಂಪಿನಲ್ಲಿ ಶೇ 15. ಮೊದಲೇ ಗಟ್ಟಿ ಇದ್ದವರು ಓಟಕ್ಕೆ ಬಂದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ, ಸಂಶೋಧಕರೂ ಅದನ್ನು ಒಪ್ಪುತ್ತಾರೆ. ಹಾಗಿದ್ದರೂ "ಓಡಿದರೆ ಮಣಕಾಲು ಹೋಗುತ್ತದೆ" ಎಂಬುದಕ್ಕೆ ಇಲ್ಲಿ ಯಾವ ಆಧಾರವೂ ಸಿಗಲಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೊಂಟ ಮತ್ತು ಮಣಕಾಲಿನ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಕುಳಿತೇ ಇರುವವರಲ್ಲಿ ಶೇ 10.2 ಕಂಡುಬಂತು. ಉನ್ನತ ಮಟ್ಟದಲ್ಲಿ ಸ್ಪರ್ಧಿಸುವ ಓಟಗಾರರಲ್ಲಿ ಮಾತ್ರ ಶೇ 13.3. ಅತಿ ಓಟಕ್ಕೆ ಬೆಲೆ ಇದೆ. ಆದರೆ ಹಿತಮಿತವಾಗಿ ಓಡುವ ಹಿರಿಯರ ತಲೆಗೆ ಆ ಬೆಲೆ ಕಟ್ಟುವುದು ತಪ್ಪು.

ಮಣಕಾಲನ್ನು ನಿಜವಾಗಿ ಕೆಡಿಸುವುದು ಬೊಜ್ಜು, ಹಿಂದೆಂದೋ ಬಿದ್ದು ಹರಿದುಕೊಂಡ ಕೀಲಿನ ಕಟ್ಟು, ಮನೆತನದಲ್ಲಿ ಬಂದ ಗುಣ, ಮತ್ತು ವರ್ಷಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತು ಮಾಡುವ ದುಡಿಮೆ. ನಮ್ಮ ಕಡೆ ಹೆಣ್ಣುಮಕ್ಕಳು ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಬೆಳಗಿನಿಂದ ಸಂಜೆತನಕ ಕುಕ್ಕರುಗಾಲಿನಲ್ಲೇ ಸರಿಯುತ್ತ ಕಳೆ ತೆಗೆಯುತ್ತಾರೆ. ಆ ದುಡಿಮೆಯನ್ನು ಮಣಕಾಲಿನ ಹೆಸರಿನಲ್ಲಿ ಯಾರೂ ಬೈದದ್ದನ್ನು ನಾನು ಕೇಳಿಲ್ಲ. ಅಜ್ಜನ ಓಟವನ್ನು ಮಾತ್ರ ಬೈಯುತ್ತಾರೆ. ತೂಕದ ಲೆಕ್ಕವೂ ತಿಳಿದಿರಲಿ: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಆದರೆ ಮಣಕಾಲು ಈಗಾಗಲೇ ಬಾತುಕೊಂಡಿದ್ದರೆ, ನಡೆಯುವಾಗ ಹಿಡಿದುಕೊಳ್ಳುತ್ತಿದ್ದರೆ ಮೊದಲು ಎಲುಬಿನ ಡಾಕ್ಟರ ಬಳಿ ಹೋಗಬೇಕು, ಓಟ ಆಮೇಲೆ.

ಇನ್ನು ಹೃದಯ. ಇಲ್ಲಿ ಎರಡು ತಪ್ಪು ನಂಬಿಕೆಗಳು ಎದುರುಬದುರು ನಿಂತಿವೆ, ಎರಡೂ ಜೀವಕ್ಕೆ ಕುತ್ತು ತರುವಂಥವು.

ಮೊದಲನೆಯದು, ವಯಸ್ಸಾದ ಮೇಲೆ ಓಡಿದರೆ ಎದೆ ಒಡೆಯುತ್ತದೆ ಎಂಬುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವ್ಯಾಯಾಮದ ಮೇಲೆಯೇ ಅನುಮಾನ ಪಡುವ ಮಾತು ಊರೂರಿಗೆ ಹಬ್ಬಿತು, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ತಪಾಸಣೆಗೆ ಹೋದದ್ದು ಒಳ್ಳೆಯದೇ, ವ್ಯಾಯಾಮ ಬಿಟ್ಟದ್ದು ಕೆಟ್ಟದ್ದು. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರ ಲೆಕ್ಕ ತೆಗೆದಾಗ ಹೃದಯ ನಿಂತದ್ದು 59 ಮಂದಿಗೆ, ಅಂದರೆ ಸುಮಾರು 1 ಲಕ್ಷ 84 ಸಾವಿರಕ್ಕೆ ಒಬ್ಬರಿಗೆ.

ಎರಡನೆಯ ನಂಬಿಕೆ ಓಡುವವರದೇ: "ನಾ ದಿನಾ ಓಡ್ತೀನಿ, ನನಗ ಹಾರ್ಟ್ ಪ್ರಾಬ್ಲಮ್ ಬರೂದಿಲ್ಲ." ನನಗೆ ಇದರ ಭಯವೇ ಹೆಚ್ಚು. ಜಿಮ್ ಫಿಕ್ಸ್ ಎಂಬ ಅಮೆರಿಕದ ಲೇಖಕ ಮೂವತ್ತೈದರ ಸುಮಾರಿಗೆ ಸಿಗರೇಟು ಬಿಟ್ಟು ಓಡಲು ಹತ್ತಿದವರು. 1977ರಲ್ಲಿ ಅವರು ಬರೆದ ಓಟದ ಪುಸ್ತಕ ಲಕ್ಷಾಂತರ ಜನರನ್ನು ರಸ್ತೆಗಿಳಿಸಿತು. 1984ರ ಜುಲೈಯಲ್ಲಿ ಅವರು ತಮ್ಮ ದಿನದ ಓಟದಲ್ಲೇ ಕುಸಿದು ತೀರಿಕೊಂಡಾಗ ವಯಸ್ಸು 52. ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ಅವರ ತಂದೆ 43ಕ್ಕೇ ಹೃದಯಾಘಾತದಿಂದ ಹೋಗಿದ್ದರು. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕರೆದಾಗ ಫಿಕ್ಸ್ ಒಪ್ಪಿರಲಿಲ್ಲ. ಓಟವು ರಕ್ತದೊತ್ತಡ, ಸಕ್ಕರೆ, ತೂಕ ಎಲ್ಲವನ್ನೂ ಹತೋಟಿಗೆ ತರಲು ನೆರವಾಗುತ್ತದೆ. ತಂದೆಯಿಂದ ಬಂದದ್ದನ್ನೂ ಹಿಂದೆ ಸೇದಿದ್ದನ್ನೂ ಅದು ಅಳಿಸಿಹಾಕುವುದಿಲ್ಲ. ಅದೂ ಅಲ್ಲದೆ ಭಾರತೀಯರಿಗೆ ಹೃದಯದ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಓಟ ಶುರು ಮಾಡುವ ಮುನ್ನ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ಇಸಿಜಿ ತೆಗೆಸಿ, ಡಾಕ್ಟರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಬೇಕು. ಓಡುವಾಗ ಎದೆ ಬಿಗಿಯುವುದು, ದವಡೆಗೋ ಎಡಗೈಗೋ ನೋವು ಹರಿಯುವುದು, ನಿನ್ನೆ ಸಲೀಸಾಗಿದ್ದ ಏರು ಇವತ್ತು ಉಸಿರು ಕಟ್ಟಿಸುವುದು, ಇವುಗಳನ್ನು ಗ್ಯಾಸ್ ಎಂದು ಸೋಡಾ ಕುಡಿದು ಮುಂದೆ ಓಡಬಾರದು. ಅಲ್ಲೇ ನಿಲ್ಲಬೇಕು, ಆಸ್ಪತ್ರೆಗೆ ಹೋಗಬೇಕು.

ಮೊಮ್ಮಕ್ಕಳು ಕೊಡಿಸಿದ, ಎದೆಬಡಿತ ತೋರಿಸುವ ಕೈಗಡಿಯಾರ ಇತ್ತೀಚಿನ ಇನ್ನೊಂದು ಗೊಂದಲ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಎಂಬ ಸೂತ್ರವನ್ನು ಜನ ಹಿಡಿದುಕೊಂಡಿದ್ದಾರೆ. ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಸಂಶೋಧಕರು 1970ರ ಹೊತ್ತಿಗೆ ಆಗಲೇ ಇದ್ದ ಕೆಲವು ಅಂಕಿಅಂಶಗಳ ಮೇಲೆ ಒಂದು ಅಂದಾಜಿನ ಗೆರೆ ಎಳೆದರು, ಅದೇ ಈ ಸೂತ್ರ. ಓಟಗಾರರಿಗೆಂದು ಮಾಡಿದ್ದಲ್ಲ. 65 ವರ್ಷದವರಿಗೆ ಇದು 155 ಎನ್ನುತ್ತದೆ. 2001ರಲ್ಲಿ ತನಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ 208ರಿಂದ ವಯಸ್ಸಿನ 0.7 ಪಾಲು ಕಳೆಯಬೇಕು, ಆಗ ಸುಮಾರು 162 ಬರುತ್ತದೆ. ಅದರಲ್ಲೂ ಒಬ್ಬರಿಂದೊಬ್ಬರಿಗೆ ಹತ್ತಿಪ್ಪತ್ತು ಬಡಿತದ ವ್ಯತ್ಯಾಸ ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರ ಬಡಿತ ಅಷ್ಟಾಗಿ ಮೇಲೇರುವುದಿಲ್ಲ, ಅಂಥವರಿಗೆ ಎರಡೂ ಸೂತ್ರ ನಿರುಪಯೋಗಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಓಡಲು ಆಗುತ್ತದೆಯೇ? ಆಗುವುದಾದರೆ ವೇಗ ಸರಿಯಾಗಿದೆ. ವಾರದ ಹೆಚ್ಚಿನ ಓಟ ಈ ವೇಗದಲ್ಲೇ ಇರಬೇಕು.

"ದಣಿವಾಗದಿದ್ರ ಓಟ ಅಲ್ಲ" ಎಂಬ ಹಟಕ್ಕೆ ಕೆನಡಾದ ಎಡ್ ವಿಟ್‌ಲಾಕ್ ದೊಡ್ಡ ಉತ್ತರ. ಮನೆ ಹತ್ತಿರದ ಸ್ಮಶಾನದ ಮರಗಳ ನಡುವಿನ ಹಾದಿಯಲ್ಲಿ ಅವರು ಗಂಟೆಗಟ್ಟಲೆ ನಿಧಾನವಾಗಿ ಸುತ್ತುತ್ತಿದ್ದರು. ಕೋಚ್ ಇರಲಿಲ್ಲ. 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. 2016ರಲ್ಲಿ 85ನೇ ವಯಸ್ಸಿನಲ್ಲಿ ಮತ್ತೆ ಅಲ್ಲಿಯೇ ನಾಲ್ಕು ಗಂಟೆಯೊಳಗೆ ಬಂದರು. ಎಲ್ಲರೂ ಅವರಂತೆ ದಿನಕ್ಕೆ ಮೂರು ಗಂಟೆ ಓಡಬೇಕೆಂದಲ್ಲ, ಬಹಳ ಜನರ ಕಾಲು ತಡೆಯಲಾರದು. ದೇಹವು ಆಮ್ಲಜನಕ ಬಳಸುವ ಶಕ್ತಿ ಸುಮ್ಮನೆ ಕುಳಿತವರಲ್ಲಿ ಹತ್ತು ವರ್ಷಕ್ಕೆ ಸುಮಾರು ಶೇ 10 ಇಳಿಯುತ್ತದೆ, ತರಬೇತಿ ಬಿಡದವರಲ್ಲಿ ಆ ಇಳಿತವನ್ನು ಅರ್ಧಕ್ಕೆ ತರಬಹುದು. ವಯಸ್ಸಾದಂತೆ ಹೆಚ್ಚು ಬದಲಾಗುವುದು ಚೇತರಿಕೆ. ಇಪ್ಪತ್ತೈದರ ಹುಡುಗನಿಗೆ ಒಂದು ರಾತ್ರಿ ಸಾಕಾದದ್ದಕ್ಕೆ ಅರವತ್ತೈದರವರಿಗೆ ಎರಡು ಮೂರು ದಿನ ಬೇಕು. ದಿನ ಬಿಟ್ಟು ದಿನ ಓಡುವುದು ಆಲಸ್ಯವಲ್ಲ. ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬುದೂ ಹಳೆಯ ತಪ್ಪು. ಅದು ಓಟ ನಿಂತ ಗಂಟೆಯೊಳಗೇ ಕರಗಿಹೋಗಿರುತ್ತದೆ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಗಾಯಗಳಿಂದ, ಅದಕ್ಕೆ ಮದ್ದು ವಿಶ್ರಾಂತಿ.

ಓಡಿದರೆ ಸಾಕು, ಕಸರತ್ತು ಯಾಕೆ ಎನ್ನುವವರು 1990ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಪ್ರಯೋಗವನ್ನು ಗಮನಿಸಬೇಕು. ವೃದ್ಧಾಶ್ರಮದ ಹತ್ತು ಮಂದಿಗೆ, ಎಲ್ಲರೂ 86ರಿಂದ 96 ವರ್ಷದವರು, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ 174 ಹೆಚ್ಚಿತು. ತೊಂಬತ್ತರಲ್ಲೂ ಸ್ನಾಯು ಬೆಳೆಯುತ್ತದೆ. ನಮ್ಮ ಗರಡಿ ಮನೆಗಳ ಬೈಠಕ್ ಇದಕ್ಕೆ ಹೇಳಿ ಮಾಡಿಸಿದ್ದು. ಪೂರ್ತಿ ಕೂರಲಾಗದವರು ಕುರ್ಚಿಯ ತುದಿಗೆ ಕೂತು ಕೈ ಆಸರೆಯಿಲ್ಲದೆ ಏಳಲಿ. ಜೊತೆಗೆ ರೊಟ್ಟಿಯ ಪಕ್ಕ ಶೇಂಗಾ ಹಿಂಡಿ ಮಾತ್ರವಲ್ಲ, ಮೊಳಕೆ ಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ ಇರಲಿ.

ನೀರಿನ ವಿಷಯದಲ್ಲಿ ಎಚ್ಚರ. ದಾರಿಯುದ್ದಕ್ಕೂ ಎಷ್ಟು ಕುಡಿದರೆ ಅಷ್ಟು ಒಳ್ಳೆಯದು ಎಂಬುದು ಅಪಾಯಕಾರಿ ನಂಬಿಕೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಓಟ ಮುಗಿಯುವ ಹೊತ್ತಿಗೆ ತೂಕ ಏರಿದವರೇ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರೇ, ಅದರಲ್ಲಿ ಮುಂದಿದ್ದರು. ಸೋಡಿಯಂ ತೀರ ಇಳಿದರೆ ಮಿದುಳು ಬಾತು ಸಾವೂ ಬರಬಹುದು. ಹಾಗೆಂದು ಬಾಯಾರಿಕೆಯನ್ನೇ ನಂಬಿ ಕೂರುವುದೂ ಹಿರಿಯರಿಗೆ ಸಲ್ಲದು, ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಮಾಸೂರಿನಂಥ ಊರಲ್ಲಿ ಗೋವಿನಜೋಳದ ಚೀಲ ತೂಗುವ ಯಂತ್ರಕ್ಕೆ ಬರವಿಲ್ಲ. ದೀರ್ಘ ಓಟದ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅದರ ಮೇಲೆ ನಿಲ್ಲಿ. ತೂಕ ಸ್ವಲ್ಪ ಇಳಿದಿದ್ದರೆ ಸರಿ, ಒಂದೂವರೆ ಎರಡು ಕಿಲೋ ಇಳಿದಿದ್ದರೆ ಮುಂದಿನ ಸಲ ಹೆಚ್ಚು ಕುಡಿಯಿರಿ, ಏರಿದ್ದರೆ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಬೇಸಿಗೆಯ ಓಟದ ನಂತರ ಒಳ್ಳೆಯ ಪಾನೀಯ.

ಹೆಂಗಸರು ಓಡಿದರೆ ಗರ್ಭಕೋಶ ಜಾರುತ್ತದೆ ಎಂಬ ಮಾತು ನಮ್ಮ ಹಳ್ಳಿಯದು ಮಾತ್ರವಲ್ಲ. ಓಟಗಾರ್ತಿ ಕ್ಯಾಥರೀನ್ ಸ್ವಿಟ್ಜರ್ 1967ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡುವ ಕಾಲಕ್ಕೆ ಅಮೆರಿಕದಲ್ಲೂ ಹಾಗೇ ಹೆದರಿಸುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಅದೇ ಸ್ವಿಟ್ಜರ್ 2017ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಅದೇ ಓಟವನ್ನು ಮತ್ತೆ ಮುಗಿಸಿದರು. ಪಟಿಯಾಲಾದ ಮನ್ ಕೌರ್ ಓಟ ಕಲಿತದ್ದೇ 93ರಲ್ಲಿ. 2017ರ ಆಕ್ಲೆಂಡ್ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 101ನೇ ವಯಸ್ಸಿಗೆ ನೂರು ಮೀಟರನ್ನು 74 ಸೆಕೆಂಡಿನಲ್ಲಿ ಓಡಿದರು. ಮುಟ್ಟು ನಿಂತ ಮೇಲೆ ಮೂಳೆ ತೆಳುವಾಗುವ ಹೆಂಗಸರಿಗೆ ನೆಲದ ಹೊಡೆತ ಬೀಳುವ ವ್ಯಾಯಾಮ ಗಂಡಸರಿಗಿಂತ ಹೆಚ್ಚು ಬೇಕು. ಕೆಮ್ಮಿದಾಗ, ಓಡಿದಾಗ ಮೂತ್ರ ಜಾರುವ ತೊಂದರೆ ಹಲವರಿಗಿದೆ. ಸಂಕೋಚಪಟ್ಟು ಓಟವನ್ನೇ ಬಿಡುತ್ತಾರೆ, ಬಿಡಬೇಕಿಲ್ಲ. ಶ್ರೋಣಿಯ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಯಾವುದೇ ಸ್ತ್ರೀರೋಗ ತಜ್ಞೆ ಹೇಳಿಕೊಡುತ್ತಾರೆ.

ಓಟ ಎಂಬುದು ಪ್ಯಾಟಿ ಮಂದಿಯ ಶೋಕಿ ಎನ್ನುವವರಿಗೆ ಬೆಳಗಾವಿಯ ಫಡೆಪ್ಪ ಚೌಗುಲೆ ಗೊತ್ತಿರಲಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಭಾರತದ ಪರ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸ್‌ನಲ್ಲೇ ಅತಿ ಉದ್ದದ್ದು. ದುಬಾರಿ ಬೂಟಿಲ್ಲದೆ ಓಟವಿಲ್ಲ ಎಂಬ ಅಂಗಡಿ ಮಾತಿಗೆ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಬರಿಗಾಲಲ್ಲಿ ಚಿನ್ನ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲಾ ಸಾಕ್ಷಿ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಬರಿಗಾಲಿನ ಗೊಡವೆಗೆ ಹೋಗಲೇಬಾರದು, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ.

ಸ್ಪರ್ಧೆಗೆ ಹೋದರೆ ಹುಡುಗರ ನಡುವೆ ನಗೆಪಾಟಲು ಎಂಬ ಅಳುಕೂ ಬೇಡ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ವರ್ಷದಿಂದ ಮೇಲಕ್ಕೆ ಐದೈದು ವರ್ಷಕ್ಕೊಂದು ಗುಂಪು, 66ರವರು ಓಡುವುದು 65ರಿಂದ 69ರವರ ಜೊತೆಗೆ. ಇಲ್ಲಿ ನಮ್ಮ ಹಿರಿಯರಿಗೊಂದು ತೊಡಕಿದೆ. ಶಾಲೆಗೆ ಹಾಕುವಾಗ ಮಾಸ್ತರರು ಜೂನ್ 1 ಎಂದು ಬರೆದ ಜನ್ಮದಿನವೇ ಬಹಳ ಜನರ ಆಧಾರ್ ಕಾರ್ಡಿನಲ್ಲಿದೆ. ಮನೆಯಲ್ಲಿ ಹೇಳುವ ವಯಸ್ಸು ಬೇರೆ. ಕೂಟದಲ್ಲಿ ನಡೆಯುವುದು ಕಾಗದದ ವಯಸ್ಸು. ಪಂಜಾಬಿನ ಫೌಜಾ ಸಿಂಗ್ 2011ರಲ್ಲಿ ನೂರನೇ ವಯಸ್ಸಿಗೆ ಟೊರಾಂಟೊ ಮ್ಯಾರಥಾನ್ ಮುಗಿಸಿದರೂ ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ದಾಖಲೆ ಒಪ್ಪಲಿಲ್ಲ. ಸ್ಪರ್ಧೆಯ ನಂಬರ್ ಚೀಟಿ (ಬಿಬ್) ಕೈಗೆ ಬಂದಾಗ ಅದರ ಹಿಂಬದಿಯಲ್ಲಿ ರಕ್ತದ ಗುಂಪು, ನುಂಗುವ ಗುಳಿಗೆಗಳ ಹೆಸರು, ಮನೆಯವರ ಫೋನ್ ನಂಬರ್ ಬರೆಯುವುದನ್ನು ಮರೆಯಬೇಡಿ.

ಅದೇ ಫೌಜಾ ಸಿಂಗ್ ಅವರನ್ನು ಬಲಿ ತೆಗೆದುಕೊಂಡದ್ದು ಹೃದಯವೂ ಅಲ್ಲ, ಓಟವೂ ಅಲ್ಲ. 2025ರ ಜುಲೈಯಲ್ಲಿ ಜಾಲಂಧರ್ ಬಳಿಯ ತಮ್ಮೂರಿನ ರಸ್ತೆಯಲ್ಲಿ ವಾಹನವೊಂದು ಅವರಿಗೆ ಡಿಕ್ಕಿ ಹೊಡೆಯಿತು. ನಸುಕಿನಲ್ಲಿ ಊರಿನ ಹೆದ್ದಾರಿ ಹಿಡಿಯುವ ನಮ್ಮ ಹಿರಿಯರಿಗೂ ಇದೇ ದೊಡ್ಡ ಅಪಾಯ. ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಕಾಣುವಂತೆ ಓಡಿ. ಬಿಳಿ ಅಂಗಿಯ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ, ಕಿವಿಯಲ್ಲಿ ಹಾಡು ಬೇಡ. ಸಾಧ್ಯವಿದ್ದರೆ ಹೆದ್ದಾರಿ ಬಿಟ್ಟು ಶಾಲೆಯ ಮೈದಾನಕ್ಕೋ ಹೊಲದ ಬಂಡಿದಾರಿಗೋ ಇಳಿಯಿರಿ. ಬಂಡಿದಾರಿಯಲ್ಲಿ ಕೊರಕಲುಗಳಿರುತ್ತವೆ, ಅಲ್ಲಿಗೆ ಬೆಳಕು ಹರಿದ ಮೇಲೆಯೇ ಹೋಗಿ.