ಗೋಮಾ: ಕಪ್ಪು ಕಲ್ಲಿನ ಊರು, ಬಿಳಿ ಜೀಪುಗಳ ಊರು

ಗೋಮಾದ ಒಂದು ಸರ್ಕಲ್ಲಿನಲ್ಲಿ ಬಂಗಾರದ ಬಣ್ಣ ಬಳಿದ ಪ್ರತಿಮೆಯೊಂದು ನಿಂತಿದೆ. ಅದು ರಾಜನದ್ದಲ್ಲ, ಸೇನಾಪತಿಯದ್ದೂ ಅಲ್ಲ. ಮರದ ಗಾಡಿ ತಳ್ಳುವ ಕೂಲಿಯವನದು. ಆ ಗಾಡಿಗೆ ಇಲ್ಲಿ ಚುಕುಡು ಅನ್ನುತ್ತಾರೆ. ಎರಡು ಮರದ ಚಕ್ರ, ಅವಕ್ಕೆ ಹಳೇ ಟೈರಿನ ಪಟ್ಟಿ, ಮೇಲೊಂದು ಉದ್ದನೆಯ ಹಲಗೆ, ಮುಂದೆ ಎತ್ತಿನ ಕೊಂಬಿನ ಹಾಗೆ ಚಾಚಿಕೊಂಡ ಹ್ಯಾಂಡಲ್ಲು, ಮೊಣಕಾಲೂರಲು ರಬ್ಬರಿನ ತುಂಡು. ಇಷ್ಟರ ಮೇಲೆ ಕ್ವಿಂಟಲ್‌ಗಟ್ಟಲೆ ಆಲೂಗಡ್ಡೆ, ಇದ್ದಿಲು, ಸಿಮೆಂಟು ಹೇರುತ್ತಾರೆ. ಉತ್ತರದ ಕಿಬುಂಬಾ ಇಳಿಜಾರಿನಿಂದ ಜರ್ರನೆ ಇಳಿದು ಬರುವಾಗ ಎಂಜಿನ್ ಬೇಕಿಲ್ಲ. ವಾಪಸ್ಸು ಹತ್ತುವಾಗ ಮಾತ್ರ ಬೆವರು ಕಿತ್ತುಕೊಂಡು ಬರುತ್ತದೆ.

ಅದೇ ಸರ್ಕಲ್ಲನ್ನು ಸುತ್ತಿ ಹೋಗುವ ಇನ್ನೊಂದು ವಾಹನ ಬಿಳೀ ಲ್ಯಾಂಡ್ ಕ್ರೂಸರ್. ಮುಂದುಗಡೆ ಉದ್ದನೆಯ ಏಂಟೆನಾ, ಬಾಗಿಲ ಮೇಲೆ ಯಾವುದೋ ಸಂಸ್ಥೆಯ ಲಾಂಛನ, ಕಿಟಕಿಯಲ್ಲಿ ಬಂದೂಕಿಗೆ ಕೆಂಪು ಅಡ್ಡಗೀಟೆಳೆದ ಸ್ಟಿಕ್ಕರ್. ಊರನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಗಾಡಿಗಳನ್ನು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವದ ಅಂಚಿನಲ್ಲಿ, ಕಿವು ಸರೋವರದ ಬಡಗಣ ದಡದಲ್ಲಿದೆ ಗೋಮಾ. ಬೆನ್ನಿಗೆ ನ್ಯಿರಾಗೊಂಗೊ ಜ್ವಾಲಾಮುಖಿ. ಪಕ್ಕದಲ್ಲೇ ಗಡಿ, ಬೇಲಿಯಾಚೆ ರುವಾಂಡಾದ ಗಿಸೆನ್ಯಿ. ‘ಚಿಕ್ಕ ಗೇಟು’ ಎಂದು ಕರೆಸಿಕೊಳ್ಳುವ ಕಡೆ ದಿನಕ್ಕೆ ಹತ್ತಾರು ಸಾವಿರ ಮಂದಿ, ಅದರಲ್ಲೂ ತಲೆಯ ಮೇಲೆ ತರಕಾರಿ ಹೊತ್ತ ಹೆಂಗಸರು, ನಡೆದೇ ದಾಟುತ್ತಿದ್ದರು. ಪಶ್ಚಿಮಕ್ಕೆ ಮಸಿಸಿ ಬೆಟ್ಟಗಳು. ಹಸಿರು ಹುಲ್ಲುಗಾವಲು, ದನಗಳು, ಬೆಲ್ಜಿಯಂ ಪಾದ್ರಿಗಳು ಕಲಿಸಿಹೋದ ಚೀಸ್. ಆ ಬೆಟ್ಟಗಳ ನಡುವೆಯೇ ರುಬಾಯಾದ ಕೋಲ್ಟನ್ ಗಣಿಗಳು. ಜಗತ್ತಿನ ಕೋಲ್ಟನ್ ಪೂರೈಕೆಯಲ್ಲಿ ಶೇ 15ರಷ್ಟು ಇಲ್ಲಿಂದಲೇ ಹೋಗುತ್ತದೆಂಬುದು ಅಂದಾಜು. ಅದರಿಂದ ತೆಗೆದ ಟ್ಯಾಂಟಲಮ್ ಮೊಬೈಲು, ಲ್ಯಾಪ್‌ಟಾಪುಗಳ ಕೆಪಾಸಿಟರ್‌ಗಳಿಗೆ ಬೇಕು. ಗುದ್ದಲಿ, ಸನಿಕೆ ಹಿಡಿದು ಅಗೆಯುವವರು ಕೋಲ್ಟನ್ನನ್ನು ಚೀಲಕ್ಕೆ ತುಂಬಿ ಹೆಗಲ ಮೇಲೆ ಹೊತ್ತು ಇಳಿಸುತ್ತಾರೆ. ತಾಮ್ರ, ಕೋಬಾಲ್ಟು, ಬಂಗಾರ, ವಜ್ರ ಎಲ್ಲವೂ ಇರುವ ಈ ದೇಶದಲ್ಲಿ ವಿಶ್ವಬ್ಯಾಂಕಿನ 2024ರ ಲೆಕ್ಕದಂತೆ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಕಡು ಬಡವರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಅನ್ನುತ್ತೇವಲ್ಲ, ಇಲ್ಲಿ ಬೆಣ್ಣೆ ಅಂಗೈಯಲ್ಲಿ ನಿಲ್ಲುವುದೇ ಇಲ್ಲ.

ನೆರವು ಈ ಊರಿಗೆ ಪ್ರವಾಹದಂತೆ ಬಂದದ್ದು 1994ರ ಜುಲೈನಲ್ಲಿ. ರುವಾಂಡಾದ ನರಮೇಧ ಮುಗಿಯುತ್ತಿದ್ದಂತೆ ನಾಲ್ಕೈದು ದಿನಗಳಲ್ಲಿ ಸುಮಾರು ಎಂಟು ಲಕ್ಷ ಹುತು ಸಮುದಾಯದ ನಿರಾಶ್ರಿತರು ಗಡಿ ದಾಟಿ ಬಂದರು. ಕಾಲರಾ ಬಡಿಯಿತು. ಒಂದೇ ತಿಂಗಳಲ್ಲಿ ಸುಮಾರು 50,000 ಮಂದಿ ಸತ್ತರು. ಹೂಳೋಣವೆಂದರೆ ನೆಲ ಲಾವಾ ಬಂಡೆ. ಗುದ್ದಲಿಗೆ ಬಗ್ಗದು, ಶೌಚದ ಗುಂಡಿಯನ್ನೂ ತೋಡುವಂತಿಲ್ಲ. ಟಿ.ವಿ. ಕ್ಯಾಮೆರಾಗಳು ಬಂದವು, ಹಿಂದೆಯೇ ವಿಮಾನಗಳು, ಅವುಗಳ ಹಿಂದೆ ನೂರಕ್ಕೂ ಹೆಚ್ಚು ಸ್ವಯಂಸೇವಾ ಸಂಸ್ಥೆಗಳು.

ಆದರೆ ಶಿಬಿರಗಳಲ್ಲಿ ರೇಷನ್ ಪಟ್ಟಿ ಬರೆಯುತ್ತಿದ್ದವರು ಯಾರು? ನರಮೇಧದಲ್ಲಿ ಕೊಲೆ ಮಾಡಿಸಿ ಓಡಿಬಂದ ಮುಖಂಡರೇ. ತಲೆಗಳ ಲೆಕ್ಕ ಹಿಗ್ಗಿಸಿ ಬರೆದರು, ಉಳಿದ ಕಾಳನ್ನು ಮಾರಿದರು, ಆ ದುಡ್ಡಿನಿಂದ ಮತ್ತೆ ಯುದ್ಧಕ್ಕೆ ಸಜ್ಜಾದರು. ಇದನ್ನು ಕಂಡು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಫ್ರೆಂಚ್ ಶಾಖೆ ಅದೇ ವರ್ಷದ ನವೆಂಬರ್‌ನಲ್ಲಿ ಹೊರನಡೆಯಿತು. ಬಹುಪಾಲು ಸಂಸ್ಥೆಗಳು ಉಳಿದವು. ಹಸಿದ ಮಗುವಿನ ತಟ್ಟೆಯೂ ಕೊಲೆಗಾರನ ಜೇಬೂ ಒಂದೇ ಮೂಟೆಯಿಂದ ತುಂಬುವಾಗ ಮೂಟೆ ಇಳಿಸಬೇಕೋ ಬೇಡವೋ? ಈ ಪ್ರಶ್ನೆ ನೆರವಿನ ಲೋಕದಲ್ಲಿ ಇವತ್ತಿಗೂ ಗೋಮಾದ ಹೆಸರಿನಲ್ಲೇ ಚರ್ಚೆಯಾಗುತ್ತದೆ.

2002ರ ಜನವರಿ 17ರಂದು ನ್ಯಿರಾಗೊಂಗೊ ಸಿಡಿದು ಲಾವಾ ಊರ ನಡುವೆಯೇ ಹರಿದು ಸರೋವರ ಸೇರಿತು. ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಲಾವಾ ಆರುವುದನ್ನೇ ಕಾದಿದ್ದವರಂತೆ ವಾಪಸ್ಸು ಬಂದು, ಅದೇ ಕಲ್ಲು ಒಡೆದು, ಅದರಲ್ಲೇ ಗೋಡೆ ಎಬ್ಬಿಸಿದರು. ಇಂದಿನ ಗೋಮಾದ ಕಾಂಪೌಂಡುಗಳೆಲ್ಲ ಕಪ್ಪು. ಸರೋವರದ ದಡದ ಹಿಂಬಿ ಬಡಾವಣೆಯಲ್ಲಿ ಆ ಕಪ್ಪು ಗೋಡೆಗಳ ಮೇಲೆ ಮುಳ್ಳುತಂತಿ, ಒಳಗೆ ಹುಲ್ಲುಹಾಸು, ಜನರೇಟರ್. ಬಾಡಿಗೆ ಡಾಲರ್‌ನಲ್ಲಿ. ಡ್ರೈವರ್, ಕಾವಲುಗಾರ, ದುಭಾಷಿ, ಅಡುಗೆಯವರು ಹೀಗೆ ನೆರವಿನ ಸಂಸ್ಥೆಗಳ ಸುತ್ತ ಸಾವಿರಾರು ಕುಟುಂಬಗಳು ಅನ್ನ ಉಂಡವು. ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಸಂಬಳವೇ ಸರಿಯಾಗಿ ಬಾರದ ಸರ್ಕಾರಿ ಕೆಲಸ ಬಿಟ್ಟು ದಾದಿಯೊಬ್ಬಳು ಹೊರದೇಶದ ಸಂಸ್ಥೆ ಸೇರಿದರೆ ತಪ್ಪೆನ್ನಲು ನನಗಂತೂ ಬಾಯಿ ಬಾರದು. ನಷ್ಟ ಸರ್ಕಾರಿ ಆಸ್ಪತ್ರೆಗೆ.

ನೆರವಿನ ಕೆಲವು ಕೆಲಸಗಳು ಗಟ್ಟಿಯಾಗಿ ಉಳಿದಿವೆ. ಲಾವಾ ನೆಲ ನೀರನ್ನು ಹಿಡಿಯದು, ಆದ್ದರಿಂದ ಊರಲ್ಲಿ ಹೊಳೆಯೂ ಇಲ್ಲ. ಎದುರಿಗೆ ಸಮುದ್ರದಂಥ ಸರೋವರವಿದ್ದರೂ ಮಕ್ಕಳು ಹಳದಿ ಕ್ಯಾನು ಹಿಡಿದು ಬೆಳಗಿನಿಂದ ನೀರಿಗೆ ಅಲೆಯುತ್ತಾರೆ. ಬ್ರಿಟನ್ನಿನ ದುಡ್ಡಿನಲ್ಲಿ ಹಾಕಿದ ಪೈಪು, ನಲ್ಲಿಕಟ್ಟೆಗಳು ಈ ಅಲೆದಾಟವನ್ನು ಕೊಂಚ ತಗ್ಗಿಸಿದವು. ವಿರುಂಗಾ ರಾಷ್ಟ್ರೀಯ ಉದ್ಯಾನವು ಮತೆಬೆಯಲ್ಲಿ ಕಟ್ಟಿದ 13.8 ಮೆಗಾವಾಟ್ ಜಲವಿದ್ಯುತ್ ಘಟಕ 2015ರಲ್ಲಿ ಆರಂಭವಾಯಿತು. ಅದರ ತಂತಿ ಮುಂದೆ ಗೋಮಾವನ್ನೂ ಮುಟ್ಟಿತು. ಮೀಟರಿಗೆ ದುಡ್ಡು ಕಟ್ಟಿ ದೀಪ ಹಚ್ಚಿಕೊಳ್ಳುವ ಈ ಬಗೆಯಲ್ಲಿ ಕೈಯೊಡ್ಡುವ ಸಂಕಟವಿಲ್ಲ.

ಇನ್ನು ಕೆಲವು ಯೋಜನೆಗಳು ಅವಧಿ ಮುಗಿದ ಕೂಡಲೇ ಬೋರ್ಡು ಬಿಟ್ಟು ಹೋದವು. ಜ್ವಾಲಾಮುಖಿಯ ಮೇಲೆ ಕಣ್ಣಿಡುವ ವೀಕ್ಷಣಾಲಯಕ್ಕೆ ವಿಶ್ವಬ್ಯಾಂಕಿನ ನೆರವು 2020ರಲ್ಲಿ ನಿಂತಿತು. ಇಂಟರ್‌ನೆಟ್ ಬಿಲ್ಲಿಗೂ ಗತಿಯಿಲ್ಲದೆ ತಿಂಗಳುಗಟ್ಟಲೆ ದೂರದ ಯಂತ್ರಗಳ ಮಾಹಿತಿ ಸಿಗಲಿಲ್ಲ. 2021ರ ಮೇ 22ರ ಸಂಜೆ ಬೆಟ್ಟ ಮತ್ತೆ ಸಿಡಿಯಿತು. ಮುನ್ಸೂಚನೆ ಇರಲಿಲ್ಲ.

ವಿಶ್ವಸಂಸ್ಥೆಯ ಶಾಂತಿಪಡೆಯದು ಬೇರೆಯದೇ ಕತೆ. ವರ್ಷಕ್ಕೆ ನೂರು ಕೋಟಿ ಡಾಲರ್ ಮೀರುತ್ತಿದ್ದ ಖರ್ಚು, ಎರಡು ದಶಕ ದಾಟಿದ ಠಾಣೆ. ಭಾರತದ ಸೈನಿಕರೂ ಇಲ್ಲಿ ವರ್ಷಗಳಿಂದ ಇದ್ದರು. ಅವರು ನಡೆಸುತ್ತಿದ್ದ ಸೇನಾ ಆಸ್ಪತ್ರೆ ಗೋಮಾದಲ್ಲಿತ್ತು. ಆದರೂ 2012ರಲ್ಲಿ ಎಂ23 ಬಂಡುಕೋರರು ಊರು ಹೊಕ್ಕಾಗ ತಡೆಯುವವರಿರಲಿಲ್ಲ. ಜನರ ಸಿಟ್ಟು 2022ರ ಜುಲೈನಲ್ಲಿ ಒಡೆಯಿತು. ಉತ್ತರದ ಬುಟೆಂಬೊದಲ್ಲಿ ಆ ಗಲಭೆಗೆ ಗಡಿ ಭದ್ರತಾ ಪಡೆಯ ನಮ್ಮ ಇಬ್ಬರು ಯೋಧರೂ ಬಲಿಯಾದರು.

ಎಂ23 ಮತ್ತೆ ಬಂತು. 2024ರ ವಸಂತದಲ್ಲಿ ರುಬಾಯಾ ಹಿಡಿಯಿತು. ಕೋಲ್ಟನ್ ಮೇಲಿನ ಸುಂಕದಿಂದಲೇ ತಿಂಗಳಿಗೆ ಸುಮಾರು ಎಂಟು ಲಕ್ಷ ಡಾಲರ್ ಗಳಿಸುತ್ತಿದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದರು. ಈ ಬಂಡುಕೋರರ ಬೆನ್ನಿಗೆ ರುವಾಂಡಾ ಇದೆಯೆಂದೂ ಅವರೇ ಹೇಳಿದ್ದಾರೆ, ರುವಾಂಡಾ ಒಪ್ಪುವುದಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಯುರೋಪಿಯನ್ ಒಕ್ಕೂಟ ರುವಾಂಡಾದ ಜೊತೆ ಖನಿಜಗಳ ಒಪ್ಪಂದಕ್ಕೆ ಸಹಿ ಹಾಕಿತ್ತು. ಈ ಕಾಳಗದಿಂದ ಹಳ್ಳಿ ಬಿಟ್ಟು ಬಂದವರು ತುಂಬಿದ್ದ ಗೋಮಾದ ಶಿಬಿರಗಳಿಗೆ ಟಾರ್ಪಾಲು, ಔಷಧಿ ಕಳಿಸುತ್ತಿದ್ದುದೂ ಅದೇ ಒಕ್ಕೂಟ.

2024ರಲ್ಲಿ ಕಾಂಗೋಗೆ ಬಂದ ಮಾನವೀಯ ನೆರವಿನಲ್ಲಿ ಶೇ 70ರಷ್ಟು ಅಮೆರಿಕದ್ದೇ. 2025ರ ಜನವರಿ 20ರಂದು ವಾಷಿಂಗ್ಟನ್ನಿನ ಹೊಸ ಅಧ್ಯಕ್ಷರು ಒಂದು ಸಹಿ ಹಾಕಿ ವಿದೇಶಿ ನೆರವನ್ನು ತಡೆಹಿಡಿದರು. ಸರಿಯಾಗಿ ಏಳು ದಿನಕ್ಕೆ, 27ರಂದು, ಎಂ23 ಗೋಮಾ ಹೊಕ್ಕಿತು. ವಿಮಾನ ನಿಲ್ದಾಣ ಮುಚ್ಚಿತು. ಗಾಯಾಳುಗಳು ಆಸ್ಪತ್ರೆಗಳ ವರಾಂಡಾದಲ್ಲಿ ಮಲಗಿದರು.

ಫೆಬ್ರುವರಿಯಲ್ಲಿ ಹೊಸ ಯಜಮಾನರ ಅಪ್ಪಣೆಯಾಯಿತು: 72 ಗಂಟೆಯೊಳಗೆ ಶಿಬಿರ ಖಾಲಿ ಮಾಡಿ. ಊರ ಸುತ್ತ ಲಕ್ಷಾಂತರ ಜನ ವರ್ಷಗಟ್ಟಲೆ ಬದುಕಿದ ಗುಡಾರಗಳನ್ನು ತಾವೇ ಕಿತ್ತರು. ಕಡ್ಡಿಗಳನ್ನು ಕಟ್ಟಿಕೊಂಡು, ಪಾತ್ರೆ, ಹಳದಿ ಕ್ಯಾನು, ಕೂಸು ಹೊತ್ತು ಹೊರಟರು. ತಿರುಗಿ ಹೋಗಬೇಕಾದ ಹಳ್ಳಿಗಳಲ್ಲಿ ಎಷ್ಟೋ ಮಂದಿಗೆ ಮನೆ ಉಳಿದಿರಲಿಲ್ಲ. ಕಾಂಗೋದವರಲ್ಲಿ ಹಳೆಯದೊಂದು ತಮಾಷೆಯಿದೆ. ಸಂವಿಧಾನದಲ್ಲಿ ಎಲ್ಲೂ ಇಲ್ಲದ, ಆದರೆ ಎಲ್ಲರಿಗೂ ಬಾಯಿಪಾಠವಾಗಿರುವ 15ನೇ ವಿಧಿ ಅದು. ಏನು ಹೇಳುತ್ತದೆ ಎಂದು ಕೇಳಿದರೆ ಉತ್ತರ ಒಂದೇ: ‘ನಿಮ್ಮ ಪಾಡು ನೀವೇ ನೋಡಿಕೊಳ್ಳಿ.’