ತುಪ್ಪದ ಪರೀಕ್ಷಾ ವರದಿ ಮತ್ತು ಬಹುಚರ ಸಂಖ್ಯಾಶಾಸ್ತ್ರ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದನ್ವಯ ಸಾಮಾನ್ಯ ಖರೀದಿದಾರರೂ ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಆಹಾರ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದಾಗಿದೆ. ಈ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ತುಪ್ಪದ ವರದಿಯಲ್ಲಿ ಹಲವು ಅಂಕಿಗಳಿರುತ್ತವೆ. ಎಲ್ಲವೂ ಮಿತಿಯೊಳಗಿದ್ದರೆ ತುಪ್ಪ ಶುದ್ಧವೆಂದು ಭಾವಿಸುವುದು ಸಹಜ. ಆದರೆ ಅದು ಯಾವಾಗಲೂ ಸರಿಯಾಗಿರುವುದಿಲ್ಲ.

ತುಪ್ಪದ ಮುಖ್ಯ ಪರೀಕ್ಷೆಗಳಲ್ಲಿ ಒಂದು ಬ್ಯುಟಿರೊ ರಿಫ್ರಾಕ್ಟೊಮೀಟರ್ ಸೂಚ್ಯಂಕ. ಇದನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಲಾಗುತ್ತದೆ. ಶುದ್ಧ ತುಪ್ಪದಲ್ಲಿ ಇದು ಸಾಮಾನ್ಯವಾಗಿ 40ರಿಂದ 44ರೊಳಗಿರುತ್ತದೆ. ಕಡಲೆಕಾಯಿ ಎಣ್ಣೆಯ ಸೂಚ್ಯಂಕ ಸುಮಾರು 55, ಕೊಬ್ಬರಿ ಎಣ್ಣೆಯದು ಸುಮಾರು 35. ಕೊಬ್ಬರಿ ಎಣ್ಣೆ ಎರಡು ಪಾಲು, ಕಡಲೆಕಾಯಿ ಎಣ್ಣೆ ಒಂದು ಪಾಲು ಬೆರೆಸಿದರೆ ಸರಾಸರಿ 42ರ ಆಸುಪಾಸಿಗೆ ಬರುತ್ತದೆ. ಈ ಮಿಶ್ರಣವನ್ನು ತುಪ್ಪಕ್ಕೆ ಸೇರಿಸಿದರೂ ಸೂಚ್ಯಂಕ ಹೆಚ್ಚು ಕದಲುವುದಿಲ್ಲ. ಕದಲುವುದು ಮತ್ತೊಂದು ಅಳತೆ. ಬ್ಯುಟಿರಿಕ್‌ನಂತಹ ಕಿರು ಸರಪಳಿಯ ಆಮ್ಲಗಳನ್ನು ಅಳೆಯುವ ರೈಖರ್ಟ್-ಮೈಸಲ್ ಮೌಲ್ಯ ಕುಸಿಯುತ್ತದೆ. ಆದರೆ ಮೂಲ ತುಪ್ಪದಲ್ಲಿ ಆ ಮೌಲ್ಯ ಅಧಿಕವಾಗಿದ್ದಲ್ಲಿ, ಕುಸಿದ ಮೇಲೂ ಅದು ಕನಿಷ್ಠ ಮಿತಿಗಿಂತ ಮೇಲೆಯೇ ಉಳಿಯಬಹುದು.

ಇಲ್ಲಿ ಬಹುಚರ ವಿಶ್ಲೇಷಣೆ ನೆರವಾಗುತ್ತದೆ. ಶುದ್ಧ ತುಪ್ಪದಲ್ಲಿ ಈ ಎರಡು ಅಳತೆಗಳು ಸ್ವತಂತ್ರವಲ್ಲ: ರೈಖರ್ಟ್-ಮೈಸಲ್ ಮೌಲ್ಯ ಇಳಿದರೆ ಸೂಚ್ಯಂಕ ಸಾಮಾನ್ಯವಾಗಿ ಏರುತ್ತದೆ. ಒಂದು ಇಳಿದು ಮತ್ತೊಂದು ನಿಂತಲ್ಲೇ ನಿಂತಿದ್ದರೆ, ಎರಡೂ ಮಿತಿಯೊಳಗಿದ್ದಾಗ್ಯೂ ಸಂಶಯಕ್ಕೆ ಕಾರಣವಿದೆ. ಶುದ್ಧ ಮಾದರಿಗಳ ಸಮೂಹದಿಂದ ಒಂದು ಮಾದರಿ ಎಷ್ಟು ದೂರವಿದೆ ಎಂಬುದನ್ನು, ಅಳತೆಗಳ ಪರಸ್ಪರ ಸಂಬಂಧವನ್ನೂ ಪರಿಗಣಿಸಿ ಲೆಕ್ಕ ಹಾಕುವ ವಿಧಾನವನ್ನು ಕಲ್ಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸ್ ಅವರು 1936ರಲ್ಲಿ ಪ್ರಕಟಿಸಿದರು. ಅಳತೆಗಳು ಹತ್ತಿಪ್ಪತ್ತಾದಾಗ ಅವುಗಳನ್ನು ಎರಡು ಮೂರು ಸಂಯುಕ್ತ ಅಂಕಿಗಳಿಗೆ ಇಳಿಸುವುದು ಪ್ರಧಾನ ಘಟಕ ವಿಶ್ಲೇಷಣೆ. ಕೊಬ್ಬಿನಾಮ್ಲಗಳ ಪಟ್ಟಿಯೂ ಸೇರಿದರೆ ಮೇಲಿನ ಕಲಬೆರಕೆ ಅಡಗಲಾರದು. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲವೇ ಆಗಿದ್ದು, ಹಾಲಿನ ಕೊಬ್ಬಿನಲ್ಲಿ ಅದು ಅತ್ಯಲ್ಪ.

ಆದರೆ ಹೋಲಿಕೆಗೆ ಆಯ್ದ ಮಾದರಿಗಳು ಸರಿಯಿಲ್ಲದಿದ್ದರೆ ಪ್ರಾಮಾಣಿಕ ಹೈನುಗಾರರ ಮೇಲೆ ಕಳಂಕ ಬರುತ್ತದೆ. ಹತ್ತಿಬೀಜ ತಿನ್ನುವ ದನಗಳ ತುಪ್ಪದಲ್ಲಿ ಸೂಚ್ಯಂಕ ಹೆಚ್ಚು, ರೈಖರ್ಟ್-ಮೈಸಲ್ ಮೌಲ್ಯ ಕಡಿಮೆ. ಈ ಕಾರಣದಿಂದಲೇ ಹತ್ತಿ ಪ್ರದೇಶದ ತುಪ್ಪಕ್ಕೆ ನಿಯಮಗಳಲ್ಲಿ ಪ್ರತ್ಯೇಕ ಮಿತಿಗಳನ್ನು ಕಲ್ಪಿಸಲಾಗಿದೆ. ಟ್ರೈಗ್ಲಿಸರೈಡ್‌ಗಳನ್ನು ಸೂತ್ರಗಳಲ್ಲಿ ಜೋಡಿಸಿ ಶುದ್ಧತೆ ನಿರ್ಧರಿಸುವ ಅಂತಾರಾಷ್ಟ್ರೀಯ ಮಾನಕ 17678 ಹಸುವಿನ ಹಾಲಿಗೆ ಮಾತ್ರ ಅನ್ವಯಿಸುತ್ತದೆ. ಎಮ್ಮೆ ತುಪ್ಪವನ್ನು ಅದರಿಂದ ಅಳೆಯುವುದು ಸಲ್ಲದು.

ಇಂತಹ ಲೆಕ್ಕವು ಸಂಶಯದ ಮಾದರಿಯನ್ನು ಗುರುತಿಸಬಲ್ಲದೇ ಹೊರತು ಕಾನೂನಿನ ಮಿತಿಗಳಿಗೆ ಬದಲಿಯಲ್ಲ. ಆದುದರಿಂದ ಅರ್ಜಿದಾರರು ತುಪ್ಪ ಹಸುವಿನದೋ ಎಮ್ಮೆಯದೋ ಎಂಬುದನ್ನೂ, ತಿಳಿದಿದ್ದಲ್ಲಿ ಉತ್ಪಾದನೆಯ ಪ್ರದೇಶವನ್ನೂ ಅರ್ಜಿಯಲ್ಲಿ ನಮೂದಿಸುವುದು ಉಪಯುಕ್ತ. ಮಾದರಿಯು ಕಾಯ್ದೆಗೆ ವಿರುದ್ಧವಾಗಿದೆಯೆಂದು ವಿಶ್ಲೇಷಕರು ವರದಿ ಮಾಡಿದಲ್ಲಿ, ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಖರೀದಿದಾರರು ಹಕ್ಕುಳ್ಳವರಾಗಿರುತ್ತಾರೆ.